ಒರೆಸವ್ವನ ಗುಂಡು

ನಮ್ಮ ಕಣಿವೆಹಾಳಿನ ಕೆರೆ ಏರಿಯ ಕೊನೆಯಲ್ಲಿ, ತಲೆ ಬಾಗಿಸಿ ಕುಳಿತ ಹುಡುಗನಂತೆ ಕಾಣುವ ಒಂದು ಬಂಡೆಯಿದೆ. ಒರೆಸವ್ವನ ಗುಂಡು ಎಂದು ಅದರ ಹೆಸರು. ಪೂಜಾರಿ ಅದರ ನೆತ್ತಿಗೆ ತಂಬಿಗೆ ನೀರು ಸುರಿದದ್ದೇ ತಡ, ಸುತ್ತ ನಿಂತ ಹೆಂಗಸರು ಸೆರಗಿನಿಂದ ಗಡಿಬಿಡಿಯಲ್ಲಿ ಒರೆಸಿಬಿಡುತ್ತಾರೆ. ಅಭಿಷೇಕದ ನೀರನ್ನು ಜನ ಕಣ್ಣಿಗೊತ್ತಿಕೊಳ್ಳುವುದನ್ನು ಕಂಡಿದ್ದೀರಿ. ಹೀಗೆ ಒರೆಸುವುದನ್ನು ಎಲ್ಲಿಯಾದರೂ ಕಂಡಿದ್ದೀರಾ? ಇಲ್ಲಿ ಏನು ನಡೆದಿರಬಹುದು, ಊಹಿಸಿ ನೋಡೋಣ. ದೇವರಿಗೆ ನೆಗಡಿಯಾದೀತೆಂದು ಒರೆಸುತ್ತಾರೆ ಎನ್ನುವಿರಾ? ನಗಬೇಡಿ, ನೀವು ಸತ್ಯದಿಂದ ಬಹಳ ದೂರವೇನೂ ಹೋಗಿಲ್ಲ.

ಹಿಂದೆ ಒಮ್ಮೆ ಈ ಸೀಮೆಯ ಅರಸ ಮಕ್ಕಳಿಲ್ಲದೆ ತೀರಿಕೊಂಡಾಗ, ಪಟ್ಟದಾನೆಯ ಸೊಂಡಿಲಿಗೆ ತೀರ್ಥದ ಕಲಶ ಕೊಟ್ಟು ಊರಿನಲ್ಲಿ ಬಿಟ್ಟರಂತೆ. ಅದು ಯಾರ ತಲೆಗೆ ಎರೆಯುತ್ತದೋ ಅವನೇ ದೇವರು ಆರಿಸಿದ ದೊರೆ. ಒಲ್ಲೆನೆನ್ನಲು ಅವನಿಗೂ ಹಕ್ಕಿಲ್ಲ. ಉಣ್ಣೆ ನೂಲಿ ಬದುಕುತ್ತಿದ್ದ ಮಾಳವ್ವ ಅಂದು ಕೆರೆಯಂಚಿನಲ್ಲಿ ಉಣ್ಣೆ ತೊಳೆಯುತ್ತಿದ್ದಳು. ಗಂಡ ಸತ್ತ ಮೇಲೆ ಅವಳ ಜೀವವೆಲ್ಲ ಒಬ್ಬನೇ ಮಗ ಗಾದ್ರಿಯ ಮೇಲೆ. ಆನೆ ಪೇಟೆಯ ಶೆಟ್ಟರನ್ನು ದಾಟಿತು, ರೇಷ್ಮೆ ಉಟ್ಟು ಕಾದು ನಿಂತಿದ್ದ ದಳವಾಯಿಯನ್ನೂ ದಾಟಿತು. ನೇರ ಕೆರೆಗೆ ಬಂದು, ಈ ಬಂಡೆಯ ಮೇಲೆ ಕುಳಿತು ಉಣ್ಣೆ ಹಿಂಡುತ್ತಿದ್ದ ಗಾದ್ರಿಯ ನೆತ್ತಿಗೆ ಕಲಶವನ್ನು ಬೋರಲು ಹಾಕಿತು. "ಏ ಮಾಳವ್ವಾ, ತಿಂಗ್ಳಿಂದ ಬೈದ್ರೂ ತಲೆ ತೊಳಕೊಳ್ಳದ ನಿನ್ ಮಗಂಗೆ ಆನೆ ನೀರೆರೀತು ನೋಡೇ!" ಎಂದು ನೆರೆಮನೆಯ ಚೌಡವ್ವ ನಕ್ಕಳು. ಮಾಳವ್ವನೂ ನಕ್ಕಳು. ಆನೆಯ ಹಿಂದೆಯೇ ಬಂದ ಪುರೋಹಿತರು ಶಾಸ್ತ್ರ ಹೇಳಿದಾಗ ಆ ನಗು ನಿಂತಿತು. ಅಭಿಷೇಕವೆಂದರೆ ಮೀಯಿಸುವುದಲ್ಲವಂತೆ, ಹೊಸದಾಗಿ ಹುಟ್ಟಿಸುವುದು. ಇನ್ನು ಕಲಶದ ನೀರೇ ಅರಸನ ಹೆತ್ತ ತಾಯಿ. ಮೊದಲಿನವಳನ್ನು ಅವನು ಅವ್ವ ಎಂದು ಕರೆಯುವಂತಿಲ್ಲ.

ಶಾಸ್ತ್ರ ಓದದ ಮಾಳವ್ವನಿಗೆ ಹೊಳೆದದ್ದು ಒಂದೇ ದಾರಿ. ನೀರು ತಾನೆ? ಮೈಯಲ್ಲಿ ಇಂಗುವ ಮೊದಲೇ ಒರೆಸಿಬಿಟ್ಟರಾಯಿತು! ಓಡಿಹೋಗಿ ಮಗನ ತಲೆಯನ್ನು ಎದೆಗವಚಿಕೊಂಡು ಸೆರಗಿನಿಂದ ಉಜ್ಜತೊಡಗಿದಳು. ದಳವಾಯಿ ಕತ್ತಿಗೆ ಕೈ ಹಾಕಿದ. "ಒರೆಸಲಿ ಬಿಡಿ, ದೇವರ ಮನಸ್ಸು ಸೆರಗಿಗೆ ಅಂಟಿ ಬರೋದಿಲ್ಲ" ಎಂದು ಪುರೋಹಿತರೇ ತಡೆದರು. ಗಾದ್ರಿ ಮಾತ್ರ ತಲೆಯನ್ನು ಇನ್ನಷ್ಟು ಬಾಗಿಸಿ, "ಅವ್ವಾ, ಕಿವಿ ಹಿಂದೆ ಇನ್ನೂ ಐತೆ, ಒರೆಸು" ಎಂದ. ಆಮೇಲೆ ಅವನ ಬಾಯಲ್ಲಿ ಆ ಕರೆ ಯಾರೂ ಕೇಳಲಿಲ್ಲ ಎನ್ನುತ್ತಾರೆ. ಸೆರಗು ತೊಯ್ದು ಭಾರವಾಯಿತು, ತಲೆ ಒಣಗಿತು. ಒಣಗಿದ ತಲೆಗೇ ಕಿರೀಟವಿಟ್ಟು ಕರೆದೊಯ್ದರು.

ನೀವೇ ಒಮ್ಮೆ ಬಂದು ಒರೆಸಿ ನೋಡಿ. ಬಂಡೆಯ ಉಳಿದ ಮೈಯೆಲ್ಲ ಒಣಗುತ್ತದೆ. ಕಿವಿಯಂತಿರುವ ಉಬ್ಬಿನ ಹಿಂದಿನ ಸೀಳಿನಲ್ಲಿ ಮಾತ್ರ ತೇವ ಜಿನುಗುತ್ತಲೇ ಇರುತ್ತದೆ. ಅರಮನೆಯವರು ಆ ದಿನವನ್ನು ಅರಸ ಹುಟ್ಟಿದ ದಿನವೆಂದು ಊರೂರಿಗೆ ಸಾರಿಸಿದರು. ಮಾಳವ್ವ ಬದುಕಿದ್ದಷ್ಟು ಕಾಲವೂ ಆ ದಿನ ಒಲೆ ಹಚ್ಚಲಿಲ್ಲ ಎನ್ನುತ್ತಾರೆ. ಅದು ವೈಶಾಖ ಶುದ್ಧ ದಶಮಿ, ಸೋಮವಾರ.