ಏರಿನಲ್ಲಿ ನಡುಗಿದ ಕಾರು

ಹೊಳೆಯ ದಂಡೆಗೆ ಒಂದು ಆಶ್ರಮವಿತ್ತು. ಅಲ್ಲಿನ ಗುರುಗಳನ್ನು ಸುತ್ತಲಿನ ಹಳ್ಳಿಯವರೆಲ್ಲ ಅಜ್ಜಾರು ಎನ್ನುತ್ತಿದ್ದರು. ಅವರ ಶಿಷ್ಯ ಚನ್ನವೀರ. ಹಗಲಲ್ಲಿ ಆಶ್ರಮದ ಹಳೆಯ ಕಾರು ಓಡಿಸುವುದು, ಸಂಜೆ ಭಜನೆಗೆ ಕೂಡುವುದು, ಅವನ ಸಾಧನೆ ಇಷ್ಟೇ.

ಮಹಾನವಮಿಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಕಳೆದದ್ದೇ ತಡ, ಕಾರಿಗೆ ನಡುಕ ಹತ್ತಿತು. ನಿಂತಲ್ಲಿ ತುಸು ಗೊಣಗುತ್ತಿತ್ತು, ಅಷ್ಟೆ. ಇಳಿಜಾರಿನಲ್ಲಿ ಹೂವಿನಂತೆ ಇಳಿಯುತ್ತಿತ್ತು. ಎಕ್ಸಲರೇಟರ್ ಒತ್ತಿ ದಂಡೆಯ ಏರು ಹತ್ತಿಸಹೋದರೆ ಮಾತ್ರ, ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತಿತ್ತು.

ಅವತ್ತು ಕೊಟ್ರವ್ವನನ್ನು ಪಟ್ಟಣದ ಆಸ್ಪತ್ರೆಗೆ ಮುಟ್ಟಿಸಬೇಕಿತ್ತು. ದಾಸೋಹಕ್ಕೆ ರೊಟ್ಟಿ ಬಡಿಯುತ್ತಿದ್ದ ಮುದುಕಿ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದೂರದಿಂದ ಬಂದಿದ್ದ ಕಣ್ಣಿನ ಡಾಕ್ಟರು ಸಂಜೆಗೆ ಹೊರಟುಬಿಡುವವರು; ಮತ್ತೆ ಬರುವುದು ಬೇಸಿಗೆಗೆ. ಅಲ್ಲಿಯವರೆಗೆ ಕಣ್ಣು ಕಾಯುತ್ತದೆಂಬ ಭರವಸೆ ಇರಲಿಲ್ಲ.

ಕಾರು ಅರ್ಧ ಏರು ಹತ್ತಿತು, ನಡುಗಿತು, ಹಿಂದಕ್ಕೆ ಜಾರಿತು.

ಕೊಟ್ರವ್ವ ಬಾಗಿಲು ತೆರೆದು ಇಳಿದೇಬಿಟ್ಟಳು. "ಇದರಾಗ ಕುಂತ್ರ ಕಣ್ಣು ಬರೂದಕ್ಕಿಂತ ಮೊದಲ ಜೀವ ಹೋಗತೈತೋ ಯಪ್ಪಾ!"

ಬೇವಿನ ಕಟ್ಟೆಯ ಮೇಲಿದ್ದ ಅಜ್ಜಾರು ಎದ್ದು ಬಂದರು.

"ಏನಾತೋ ಚನ್ನವೀರಾ?"

"ತಿಳೀವಲ್ದ್ರಿ ಅಜ್ಜಾರ. ಗಾಲಿ ಬಿಚ್ಚಿ ನೋಡೀನಿ. ನಟ್ಟು ಬಿಗಿ ಮಾಡೀನಿ. ಪೆಟ್ರೋಲ್ ಚೆಲ್ಲಿ ಹೊಸಾದು ಹಾಕೀನಿ."

"ಎಂಜಿನ್ನು?"

"ಅಲ್ಲೇನೂ ಆಗಿರಾಕಿಲ್ರಿ. ಖಂಡೇಪೂಜಿ ದಿವಸ ಅದಕ್ಕ ಕೈಯಾರೆ ಪೂಜಿ ಮಾಡೀನಿ."

"ಪೂಜಿ ಮಾಡಿದ ಜಾಗಾ ಮತ್ತ ನೋಡಬಾರದಂತ ಯಾರು ಹೇಳ್ಯಾರಪ್ಪಾ?"

ಚನ್ನವೀರ ಬಾನೆಟ್ ಎತ್ತಿದ.

"ನನಗ ನಿನ್ನ ಎಂಜಿನ್ನು ತಿಳೀಯೂದಿಲ್ಲ," ಎಂದರು ಅಜ್ಜಾರು. "ಶ್ರಾವಣದಾಗ ನಮ್ಮ ಭಜನಿ ಎಡವಾಕತ್ತಿತ್ತಲ್ಲ, ಅವತ್ತ ಏನ ಮಾಡಿದ್ವಿ ಹೇಳು."

"ನಿಧಾನ ಹಾಡೂಮುಂದ ಚೊಲೋ ಇತ್ರಿ. ವೇಗ ಏರಿಸಿದ ಕೂಡಲೆ ಎಡವತಿತ್ತು. ನೀವು ಹಾಡೂ ನಮ್ಮ ನಾಲ್ಕು ಮಂದಿಯೊಳಗ ಒಬ್ಬೊಬ್ಬರನ್ನ ಸುಮ್ಮನಿರಿಸಿ ಉಳಿದವರ ಕಡೆಯಿಂದ ಹಾಡಿಸಿದ್ರಿ..."

ಮಾತು ಅಲ್ಲಿಗೇ ನಿಂತಿತು. ಅವನ ಕಿವಿ ಬಿಸಿಯಾದವು.

ಚನ್ನವೀರ ಭಜನೆಯಲ್ಲಿ ಹಾಡುತ್ತಿರಲಿಲ್ಲ. ಬಂದ ಹೊಸತರಲ್ಲಿ ಯಾರೋ ಅವನ ದನಿಗೆ ನಕ್ಕಿದ್ದರು. ಆಮೇಲೆ ಬರೀ ತುಟಿ ಆಡಿಸುತ್ತ ಬಂದಿದ್ದ. ಅವತ್ತು ಅವನನ್ನು ಸುಮ್ಮನಿರಿಸಿದಾಗ ಭಜನೆ ಒಂದೆಳೆಯಷ್ಟೂ ಬದಲಾಗಿರಲಿಲ್ಲ. ಅಜ್ಜಾರು ಏನೂ ಅನ್ನದೆ ಮಂಗಳಾರತಿ ಹಚ್ಚಿದ್ದರು. ಅವರಿಗೆ ತಿಳಿಯಲಿಲ್ಲವೆಂದೇ ಅವನು ಸಮಾಧಾನಪಟ್ಟುಕೊಂಡಿದ್ದ.

"ಎಂಜಿನ್ನಿನಾಗ ಹಾಡವ್ರು ಎಷ್ಟು ಮಂದಿ?" ಅಜ್ಜಾರು ಕೇಳಿದರು.

"ನಾಲ್ಕು ಪ್ಲಗ್ಗು ಅದಾವ್ರಿ. ನಾಲ್ಕೂ ಕಿಡಿ ಕೊಟ್ರ ಗಾಡಿ ಎಳೀತೈತಿ."

"ಹಂಗಾರ ಒಬ್ಬೊಬ್ಬರನ್ನ ಸುಮ್ಮನಿರಿಸು."

ಅಜ್ಜಾರು ಕಾವಿ ಎತ್ತಿ ಕಟ್ಟಿ ಚಾಲಕನ ಸೀಟಿನಲ್ಲಿ ಕೂತರು. ಚನ್ನವೀರ ತೋರಿಸಿದಷ್ಟೇ ಎಕ್ಸಲರೇಟರ್ ಒತ್ತಿ ಹಿಡಿದರು.

"ಕೊಟ್ರವ್ವಾ, ದೂರ ಸರಿ," ಎಂದರು. "ಇವತ್ತ ಗಾಡಿ ನನ್ನ ಕೈಯಾಗೈತಿ."

"ಶಿವನ!" ಎಂದು ಕೊಟ್ರವ್ವ ಬೇವಿನ ಮರದ ಮರೆಗೆ ಹೋದಳು.

ಚನ್ನವೀರ ಒಣಬಟ್ಟೆಯನ್ನು ದಪ್ಪಗೆ ಮಡಚಿ ಮೊದಲ ಪ್ಲಗ್ಗಿನ ವೈರ್ ಎಳೆದ. ಎಂಜಿನ್ ಮುಗ್ಗರಿಸಿತು. ಮತ್ತೆ ಸಿಕ್ಕಿಸಿದ. ಎರಡನೆಯದನ್ನು ಎಳೆದ. ಮುಗ್ಗರಿಸಿತು. ಮೂರನೆಯದಕ್ಕೆ ಇನ್ನೇನು ನಿಂತೇಹೋಗಬೇಕು, ಅಷ್ಟು ತತ್ತರಿಸಿತು.

ನಾಲ್ಕನೆಯದನ್ನು ಎಳೆದ.

ಏನೂ ಆಗಲಿಲ್ಲ. ಎಂಜಿನ್ ಮೊದಲು ಹೇಗೆ ಗೊಣಗುತ್ತಿತ್ತೋ ಹಾಗೇ ಗೊಣಗುತ್ತಿತ್ತು.

ಚನ್ನವೀರ ವೈರ್ ಹಿಡಿದುಕೊಂಡು ನಿಂತೇ ಇದ್ದ.

"ಸಿಕ್ಕಿದನೇನು?" ಎಂದರು ಅಜ್ಜಾರು.

"ಸಿಕ್ಕಾನ್ರಿ," ಎಂದ ಚನ್ನವೀರ, ಮೆಲ್ಲಗೆ.

ಎಂಜಿನ್ ಆರಿಸಿ ಪ್ಲಗ್ಗಿನ ಗುಂಡಿಯೊಳಗೆ ಇಣುಕಿದ. ತಳದಲ್ಲಿ ಕೆಂಪು ಕೆಸರು. ಬೆರಳು ಹಾಕಿ ನೋಡಿದರೆ ಕುಂಕುಮ. ಅದಕ್ಕೆ ಅಂಟಿಕೊಂಡು ಕೊಳೆತ ಚೆಂಡುಹೂವಿನ ಎಸಳು.

ಖಂಡೇಪೂಜೆಯ ದಿನ ಎಲ್ಲರೂ ವಾಹನಕ್ಕೆ ಕುಂಕುಮ ಹಚ್ಚಿ ಹೂ ಏರಿಸಿ ಸುಮ್ಮನಾದರೆ, ಚನ್ನವೀರ ಬಾನೆಟ್ ತೆರೆದು, ಮಂತ್ರ ಹೇಳುತ್ತ, ಒಂದು ಕೊಡ ಹೊಳೆಯ ನೀರನ್ನು ಎಂಜಿನ್ನಿನ ಮೇಲೆ ಅಭಿಷೇಕ ಮಾಡಿದ್ದ.

"ನಾನ ಕೆಡಿಸೀನ್ರಿ ಅಜ್ಜಾರ," ಎಂದ. ಕಣ್ಣು ತುಂಬಿ ಬಂದವು.

"ಪ್ರೀತಿ ಹೆಚ್ಚಾತು. ಒರೆಸು."

ಕಣ್ಣೋ ಪ್ಲಗ್ಗೋ ಎಂದು ಅವನು ಕೇಳಲಿಲ್ಲ. ಎರಡನ್ನೂ ಒರೆಸಿದ. ಗುಂಡಿಯ ಕೆಸರು ತೆಗೆದ. ಪ್ಲಗ್ ಬಿಚ್ಚಿ ತುದಿಯನ್ನು ಮರಳುಕಾಗದದಿಂದ ಉಜ್ಜಿದ. ವೈರ್ ಬಿಸಿಲಿಗೆ ಹಿಡಿದು ಒಣಗಿಸಿ ಮತ್ತೆ ಕೂರಿಸಿದ.

ಕಾರು ಒಂದೇ ಉಸಿರಿಗೆ ಏರು ಹತ್ತಿ ನಿಂತಿತು. ಕೊಟ್ರವ್ವ ಸೀರೆಯ ಚುಂಗು ಸಾವರಿಸಿಕೊಂಡು ಮೇಲಕ್ಕೆ ನಡೆದಳು. "ಇದನ್ನ ನಿನ್ನೆ ಮಾಡಾಕ ಏನಾಗಿತ್ತೋ ನಿನಗ?" ಎನ್ನುತ್ತ ಹತ್ತಿ ಕೂತಳು.

ಸಂಜೆ ಅವಳು ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದು ಭಜನೆಯ ಕಂಬಕ್ಕೆ ಒರಗಿದಳು.

ಭಜನೆ ನಿಧಾನವಾಗಿ ಶುರುವಾಯಿತು. ತಾಳ ವೇಗಕ್ಕೇರಿತು. ಎಡವುವ ಜಾಗ ಬಂತು. ಚನ್ನವೀರ ಕಣ್ಣು ಮುಚ್ಚಿ, ಬಾಯಿ ತೆರೆದು, ಹಾಡೇಬಿಟ್ಟ.

ದನಿ ಒರಟಾಗಿತ್ತು. ಶ್ರುತಿಗೆ ತುಸು ಕೆಳಗೇ ಇತ್ತು.

ಕೊಟ್ರವ್ವ ಬೆಚ್ಚಿಬಿದ್ದಳು. "ಇದ್ಯಾರದೋ ಯಪ್ಪಾ ಹೊಸಾ ದನಿ? ಹಗ್ಗ ಹರಕೊಂಡ ಎಮ್ಮಿ ಒದರಿದಂಗ ಐತಿ!"

ಅಜ್ಜಾರು ತಾಳ ಬಿಡಲಿಲ್ಲ. ಅವರ ಮುಖ ಅರಳಿತ್ತು.

"ಸುಮ್ಮನ ಕೂಡು ಕೊಟ್ರವ್ವಾ. ಶ್ರಾವಣದಿಂದ ಈ ನಾಲ್ಕನೇದಕ್ಕ ಕಾಯಾಕತ್ತೀನಿ."