ಟಬ್ಬಿನ ಕೆಳಗಿನ ಪೇಪರು

“ಗುರುಗಳೇ, ಒಂದು ವರ್ಷದಿಂದ ನನ್ನ ಬಾಯಿಂದ ಒಂದೇ ಒಂದು ಸಿಟ್ಟಿನ ಮಾತು ಹೊರಗೆ ಬಿದ್ದಿಲ್ಲ. ಆದರೂ ಮನಸ್ಸಿಗೆ ಗೆಲುವಿಲ್ಲ. ಒಳಗೆ ಏನೋ ಸತ್ತುಹೋದ ಹಾಗಿದೆ. ಯಾಕೆ?” ಎಂದು ಮರಿದೇವ ಕೇಳಿದ.

ಮಠದಲ್ಲಿ ಅವನಷ್ಟು ಮುಂಗೋಪಿ ಇನ್ನೊಬ್ಬನಿರಲಿಲ್ಲ. ಈಗ ಅಡುಗೆಯವರು ಬೇಕೆಂದೇ ಕೆಣಕಿದರೂ ಅವನು ತುಟಿ ಬಿಚ್ಚುತ್ತಿರಲಿಲ್ಲ. ಅದು ಹೇಗೆ ಸಾಧ್ಯವಾಯಿತೆಂದು ಯಾರೂ ಕೇಳದಿದ್ದರೂ ತಾನಾಗಿಯೇ ಹೇಳಿದ. “ಯಾರಾದರೂ ಬೈದರೆ, ಪಾಪ, ಇಂಥವರಿಗೆ ಏನು ತಿಳಿದೀತು ಅಂದುಕೊಳ್ಳುತ್ತೇನೆ. ಸಿಟ್ಟು ಅಲ್ಲೇ ನಿಂತುಬಿಡುತ್ತದೆ.”

ಗುರುಗಳು ಶಹಬಾಸ್ ಎನ್ನುತ್ತಾರೆಂದು ಅವನು ಕಾದ. ಅವರು ಒಂದು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಪಂಕ್ಚರ್ ಹಾಕುವವನಿದ್ದ. ಅವನು ತೇಪೆ ಹಾಕಿದ ಟ್ಯೂಬು ಮತ್ತೆ ಗಾಳಿ ಬಿಟ್ಟದ್ದಿಲ್ಲ. ಅವನ ಹೆಂಡತಿ ಗಾಜಿನ ತೊಟ್ಟಿಯಲ್ಲಿ ಏಳು ಮೀನು ಸಾಕಿದ್ದಳು. ಅವಳು ನೀರಿಗೆ ಬೆರಳು ಇಟ್ಟರೆ ಏಳೂ ಮೇಲೆ ಬರುತ್ತಿದ್ದವು. ತಂಗಿಯ ಬಾಣಂತನಕ್ಕೆಂದು ತವರಿಗೆ ಹೊರಟಾಗ ಅವಳು ಹೇಳಿದ್ದು ಒಂದೇ ಮಾತು, ಮೀನು ಜೋಪಾನ ಅಂತ.

ಅವಳು ವಾಪಸು ಬರುವ ದಿನವೇ ಬೆಳಿಗ್ಗೆ ತೊಟ್ಟಿಯ ಗಾಜು ಬಿರುಕುಬಿಟ್ಟಿತು. ಅವನು ಗಾಬರಿಬಿದ್ದು ಮೀನುಗಳನ್ನು ಬಕೆಟ್ಟಿಗೆ ಹಾಕಿದ. ಅಷ್ಟು ಚಿಕ್ಕ ಜಾಗದಲ್ಲಿ ಅವು ಬಾಯಿ ಬಿಡತೊಡಗಿದವು. ಹಿತ್ತಿಲಲ್ಲಿ ದೊಡ್ಡ ಪ್ಲಾಸ್ಟಿಕ್ ಟಬ್ಬೇನೋ ಇತ್ತು. ಆದರೆ ಕೊತ್ತಂಬರಿ ಬೆಳೆಯಲೆಂದು ಅದರ ತಳಕ್ಕೆ ಒಂಬತ್ತು ತೂತು ಹಾಕಿಕೊಟ್ಟವನು ಅವನೇ.

ತೂತು ಮುಚ್ಚುವುದು ಅವನಿಗೆ ಯಾವ ಲೆಕ್ಕ? ಮಣ್ಣು ಹೊರಗೆ ಸುರಿದು, ತೊಳೆದು, ಒಳಗಿನಿಂದ ಒಂಬತ್ತಕ್ಕೂ ರಬ್ಬರ್ ತೇಪೆ ಹಾಕಿದ. ಅದೂ ಸಾಲದೆನಿಸಿ ತೇಪೆ ಅಂಟಿಸುವ ಸಲ್ಯೂಷನ್ನಿನ ಡಬ್ಬಿಯನ್ನೇ ಬಗ್ಗಿಸಿ ತಳಕ್ಕೆಲ್ಲ ಬಳಿದ. ಟಬ್ಬನ್ನು ನಾಲ್ಕು ಇಟ್ಟಿಗೆಯ ಮೇಲಿಟ್ಟು, ನೀರು ತುಂಬಿ ಮೀನು ಬಿಟ್ಟ. ಟಬ್ಬಿನ ಕೆಳಗೆ ಒಂದು ಪೇಪರು ಹಾಸಿದ. ಆಮೇಲೆ ಬೇರೆ ಕೆಲಸವನ್ನೆಲ್ಲ ಬಿಟ್ಟು, ಗಳಿಗೆಗೊಮ್ಮೆ ಬಗ್ಗಿ ಆ ಪೇಪರನ್ನೇ ನೋಡುತ್ತ ಕೂತ. ಅದು ಗರಿಗರಿಯಾಗಿಯೇ ಇತ್ತು. ಅವನ ಖುಷಿ ಹೇಳತೀರದು.

ಮಧ್ಯಾಹ್ನದ ಬಸ್ಸಿಗೆ ಹೆಂಡತಿ ಬಂದಳು. ಅವನು ಪೇಪರನ್ನು ಎಳೆದು ಅವಳ ಮುಂದೆ ಹಿಡಿದ. “ನೋಡು, ಒಂದು ಹನಿ ಸೋರಿಲ್ಲ.”

ಅವಳು ಪೇಪರು ನೋಡಲಿಲ್ಲ. ಟಬ್ಬಿನ ಮೇಲೆ ಬಗ್ಗಿ ನೀರಿಗೆ ಬೆರಳು ಇಟ್ಟಳು. ಯಾವುದೂ ಬೆರಳಿನ ಹತ್ತಿರ ಬರಲಿಲ್ಲ. ಏಳೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

“ಏನು ಹಾಕಿದ್ರಿ ಇದಕ್ಕೆ?” ಎಂದಳು. “ಬಾಗಿಲಲ್ಲೇ ಮೂಗಿಗೆ ಹೊಡೀತಲ್ಲ ವಾಸನೆ.”

“ಯಾವ ವಾಸನೆ?” ಎಂದ ಅವನು.

ಅವನೇನೂ ಸುಳ್ಳು ಹೇಳಲಿಲ್ಲ. ಇಪ್ಪತ್ತು ವರ್ಷದಿಂದ ಸಲ್ಯೂಷನ್ನಿನ ನಡುವೆಯೇ ಕೂತವನು, ಅವನಿಗೆ ಅದು ಬರೀ ಗಾಳಿಯಾಗಿತ್ತು. ಹೆಂಡತಿ ಒದ್ದೆ ಬೆರಳನ್ನು ಅವನ ಮೂಗಿನ ಹತ್ತಿರ ತಂದಳು. ಆಗಷ್ಟೇ ಅವನಿಗೆ ತಿಳಿಯಿತು. ಒಣ ಪೇಪರು ಕೈಯಲ್ಲಿ ಹಾಗೇ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ನಿಂತೇ ಇದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮೀನು ಬದುಕುತ್ತವೆಂದೇ ಮರಿದೇವ ಕೊನೆಯವರೆಗೆ ನಂಬಿದ್ದ. ಆ ಹೆಂಗಸಿನ ಬೆರಳು ಅವನ ಕಣ್ಣಿಗೆ ಕಟ್ಟಿತ್ತು. ಅವನಿಗೆ ತಡೆಯಲಾಗಲಿಲ್ಲ.

“ಬೆಳಿಗ್ಗೆಯಿಂದ ಪಕ್ಕದಲ್ಲೇ ಕೂತು ಒಂದು ಸಲ ಒಳಗೆ ನೋಡಬಾರದಿತ್ತೇ?” ಎಂದ. ಆಮೇಲೆ ಎಂದಿನ ಹಾಗೆ ನಿಟ್ಟುಸಿರು ಬಿಟ್ಟು ಸಮಾಧಾನ ಮಾಡಿಕೊಂಡ. “ಪಾಪ, ಅಂಥವರಿಗೆ ಏನು ತಿಳಿದೀತು.”

ಗುರುಗಳು ತಮ್ಮ ಬೆರಳನ್ನು ಅವನ ಮೂಗಿನ ಹತ್ತಿರ ತಂದರು.

“ಈಗ ಆಡಿದೆಯಲ್ಲ, ಆ ಮಾತನ್ನು ಒಂದು ಸಲ ಮೂಸಿ ನೋಡು.”