ಹಂಡನ ಒದ್ದೆ ಮೂಗು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಬೆಟ್ಟಗಳು ಎಲ್ಲಿ ಕೂರೋಣ ಅಂತ ಇನ್ನೂ ಜಾಗ ಹುಡುಕುತ್ತಿದ್ದವು. ಹಗರಿ ಹೊಳೆಯಲ್ಲಿ ಈಗಿನ ಹಾಗೆ ಬರೀ ಮರಳಲ್ಲ, ದಡದ ತುಂಬ ನೀರಿತ್ತು. ಹೊಳೆ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು, ನಾಯಿಯೂ ಮಾತಾಡುತ್ತಿತ್ತು.

ಕಣ್ಣೊರೆಸಿಕೋ ಮೊದಲು. ಅತ್ತಿದ್ದು ಸಾಕು. ಎದುರು ಮನೆ ಕಂಡಕ್ಟರ್ ಪಾಲಾಕ್ಷಣ್ಣನ ನಾಯಿ, ಅದೇನೋ ರಾಟ್‌ವೀಲರೋ ಗೀಟ್‌ವೀಲರೋ, ನಿನ್ನ ಅಂಗೈಗೆ ಮೂಗು ತಗುಲಿಸಿತು, ಅಷ್ಟೇ ತಾನೇ? ಕಚ್ಚಿತಾ? ಇಲ್ಲವಲ್ಲ. "ತಣ್ಣಗೆ ಒದ್ದೆ ಒದ್ದೆ ಇತ್ತು ಅಜ್ಜೀ" ಅಂತ ಇಡೀ ಬೀದಿಗೆ ಕೇಳುವ ಹಾಗೆ ಕಿರುಚಿಕೊಂಡು ಓಡಿ ಬಂದೆ. ಆ ಮೂಗು ಯಾಕೆ ಒದ್ದೆ ಅಂತ ಗೊತ್ತಿದ್ದರೆ ನೀನು ಹಾಗೆ ಓಡುತ್ತಿರಲಿಲ್ಲ. ಬಾ, ಇಲ್ಲಿ ಕೂತುಕೋ. ಹೇಳ್ತೀನಿ.

ಆ ಕಾಲದಲ್ಲಿ ನಾಯಿಗಳ ಮೂಗು ಒಣಗಿರುತ್ತಿತ್ತು. ಬಿಸಿಲಲ್ಲಿ ಬಿದ್ದ ಹೊಳೆಕಲ್ಲಿನ ಹಾಗೆ, ಒಣಾ ಒಣ. ಉಸಿರಾಡುವುದು ಬಿಟ್ಟರೆ ಅದರಿಂದ ಇನ್ನೊಂದು ಉಪಯೋಗ ಇರಲಿಲ್ಲ. ನಾಯಿ ಕಣ್ಣಲ್ಲಿ ನೋಡೋದು, ಕಿವಿಯಲ್ಲಿ ಕೇಳೋದು. ಅಷ್ಟರಲ್ಲೇ ಅದರ ಕಾವಲು ನಡೀತಿತ್ತು.

ಹಗರಿ ದಂಡೆಯಲ್ಲಿ ಮೈಲಣ್ಣ ಅಂತ ಒಬ್ಬ ಕುರುಬ ಇದ್ದ. ಅವನ ಹೆಂಡತಿ ಬೊಮ್ಮಕ್ಕ. ಅವರಿಗೆ ಒಬ್ಬಳೇ ಮಗಳು, ಸಿರಿಯಮ್ಮ. ಏಳು ವರ್ಷ, ನಿನ್ನಷ್ಟೇ. ನಿನ್ನ ಹಾಗೇ ಒಂದು ಗಳಿಗೆ ಸುಮ್ಮನೆ ಕೂರದ ಪೋರಿ.

ಅವರ ಮನೆ ನಾಯಿ ಹಂಡ. ಮೈಮೇಲೆ ಕಪ್ಪು ಬಿಳಿ ಪಟ್ಟೆ ಇತ್ತಲ್ಲ, ಅದಕ್ಕೆ ಹಂಡ. ಅಬ್ಬಬ್ಬಾ, ಅದೇನು ನಾಯಿ ಅಂತೀಯ! ಕರುವಿನಷ್ಟು ಎತ್ತರ. ಸಿರಿಯಮ್ಮ ಅದರ ಬೆನ್ನ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅದು ಒಂದು ಸಲ ಬೊಗಳಿದರೆ ಆಚೆ ದಡದ ತೋಳಗಳು ಊಟ ಬಿಟ್ಟು ಏಳುತ್ತಿದ್ದವು. ಹಟ್ಟಿಯ ಜನ ರೊಪ್ಪದ ಹತ್ತಿರ, ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿ ಹತ್ತಿರ, ಬರಬೇಕಾದರೆ ದೂರದಿಂದಲೇ ಕೂಗಿ ಬರುತ್ತಿದ್ದರು. ಮೈಲಣ್ಣನಿಗೆ ಅದೇ ಒಂದು ಜಂಬ. "ನಮ್ಮ ಹಂಡನ ಎದುರಿಗೆ ಯಾವನು ನಿಲ್ತಾನೆ, ನೋಡೇ ಬಿಡೋಣ" ಅಂತ ಮೀಸೆ ತಿರುವುತ್ತಿದ್ದ.

ಯಾರೇ ಬರಲಿ, ಹಂಡ ಎದ್ದು ನಿಂತು ಕೇಳುತ್ತಿತ್ತು: "ಯಾರು? ನಮ್ಮವರಾ, ಹೊರಗಿನವರಾ?"

"ನಮ್ಮವರಪ್ಪಾ" ಅಂದರೆ ಬಾಲ ಅಲ್ಲಾಡಿಸೋದು. ಇಲ್ಲ ಅಂದರೆ ಬಂದವರ ಗತಿ ದೇವರಿಗೇ ಪ್ರೀತಿ.

ಆದರೆ ಸಿರಿಯಮ್ಮನ ಜೊತೆ ಅದು ಬೇರೆಯೇ ನಾಯಿ. ಅವಳು ಕಿವಿ ಹಿಡಿದು ಎಳೆದರೂ ಸುಮ್ಮನೆ, ಬಾಯೊಳಗೆ ಕೈ ಹಾಕಿ ಹಲ್ಲು ಎಣಿಸಿದರೂ ಸುಮ್ಮನೆ. ಮಧ್ಯಾಹ್ನ ಅದರ ಹೊಟ್ಟೆಯನ್ನೇ ದಿಂಬು ಮಾಡಿಕೊಂಡು ಅವಳು ಮಲಗುತ್ತಿದ್ದಳು. ಅವಳು ಏಳುವ ತನಕ ಅದು ನೊಣ ಓಡಿಸಿಕೊಳ್ಳುವುದಕ್ಕೂ ಮೈ ಕೊಡವುತ್ತಿರಲಿಲ್ಲ.

ಗಾಳಿಗೆ ಹಂಡನನ್ನು ಕಂಡರೆ ಇಷ್ಟ. "ಹಂಡಾ, ನಾನು ಎಲ್ಲರ ಮೈಯ ವಾಸನೆ ಹೊತ್ತುಕೊಂಡು ಬರ್ತೀನಿ ಕಣೋ. ಒಂಚೂರು ಮೂಗು ಕೊಡು" ಅನ್ನುತ್ತಿತ್ತು.

"ನನಗೆ ಕಣ್ಣಿದೆ, ಕಿವಿಯಿದೆ. ನಿನ್ನ ವಾಸನೆ ಕಟ್ಟಿಕೊಂಡು ನಾನೇನು ಮಾಡಲಿ? ಹೋಗು ಹೋಗು" ಅನ್ನುತ್ತಿತ್ತು ಹಂಡ.

ಮೈಲಣ್ಣ ಹಂಡನಿಗೆ ಒಂದು ಗುರುತು ಹೇಳಿಕೊಟ್ಟಿದ್ದ. "ನೋಡು ಹಂಡ, ಕಂಬಳಿ ಕೊಪ್ಪೆ ಹೊದ್ದು ಬಂದವರು ನಮ್ಮವರು. ಅವರನ್ನ ತಡೀಬೇಡ." ಕೊಪ್ಪೆ ಅಂದರೆ ಗೊತ್ತಲ್ಲ? ಕಂಬಳಿಯ ಒಂದು ಮೂಲೆ ಮಡಚಿ, ತಲೆಯಿಂದ ಬೆನ್ನಿಗೆ ಇಳಿಬಿಟ್ಟುಕೊಳ್ಳೋದು. ಮಳೆಗೂ ಅದೇ, ಚಳಿಗೂ ಅದೇ. ಕಂಬಳಿ ನೇಯುವವರು ಕುರುಬರೇ, ಹೊದೆಯುವವರೂ ಅವರೇ. ಲೋಕದಲ್ಲಿ ಇನ್ಯಾರ ಹತ್ತಿರವೂ ಕಂಬಳಿ ಇರಲಿಲ್ಲ. ಹಾಗಾಗಿ ಕಂಬಳಿ ಕಂಡರೆ ನಮ್ಮವರು ಅಂತ ನಂಬುವುದು ಕುರುಬರಿಗೆ ಸಹಜವೇ.

ಒಂದು ದಿನ ಮೈಲಣ್ಣ ತನ್ನ ಕಂಬಳಿಯನ್ನು ಜಾಲಿ ಗಿಡದ ಮೇಲೆ ಒಣಗಲು ಹಾಕಿ, ತೆಗೆಯುವುದು ಮರೆತು ಕುರಿ ಹೊಡೆದುಕೊಂಡು ಹೋದ. ಒಂದು ತೋಳ ಬಂತು, ಕಂಬಳಿ ಎಳೆದುಕೊಂಡಿತು, ನೀಟಾಗಿ ಕೊಪ್ಪೆ ಹೊದ್ದು ಹಿಂಗಾಲ ಮೇಲೆ ನಡೆದುಕೊಂಡು ರೊಪ್ಪಕ್ಕೆ ಬಂತು.

"ಯಾರು? ನಮ್ಮವರಾ, ಹೊರಗಿನವರಾ?"

ತೋಳ ಮಾತೇ ಆಡಲಿಲ್ಲ. ಕಂಬಳಿ ಕಂಡಿತಲ್ಲ, ಹಂಡ ದಾರಿ ಬಿಟ್ಟಿತು. ತೋಳ ಎರಡು ಎಳೆಯ ಮರಿ ಹೊತ್ತುಕೊಂಡು ಹೋಯಿತು.

ಸಂಜೆ ಮೈಲಣ್ಣ ಬಂದು ನೋಡಿದ. ಎರಡು ಮರಿ ಇಲ್ಲ; ಕಂಬಳಿ ಹೊದ್ದವರು ಬಂದಿದ್ದರು ಅಂದಿತು ಹಂಡ. ಕಂಬಳಿ ಮರೆತು ಹೋದವನು ಯಾರು? ಅವನೇ. ಬೈಸಿಕೊಂಡವರು ಯಾರು? ಹಂಡ. ಎಲ್ಲರ ಮನೆಯಲ್ಲೂ ಹೀಗೇ ಕಣೇ ಕೂಸೇ, ನಿಮ್ಮಪ್ಪ ಬೀಗದ ಕೈ ಕಳೆದರೆ ನಿಮ್ಮಮ್ಮನ ಮೇಲೆ ರೇಗಲ್ವಾ? ಹಾಗೆ.

"ಇಷ್ಟು ದೊಡ್ಡ ಮೈ ಇಟ್ಕೊಂಡು ದಂಡ ನೀನು" ಅಂತ ಮೈಲಣ್ಣ ಕೂಗಾಡಿದ. "ಇನ್ಮೇಲೆ ಕೇಳು. ಮುಖ ಮುಚ್ಚಿಕೊಂಡು, ಮಾತಾಡದೆ ಬಂದವರನ್ನ ಬಿಡಬೇಡ. ನಮ್ಮಪ್ಪನೇ ಬಂದರೂ ಬಿಡಬೇಡ. ತಿಳೀತಾ?"

"ತಿಳೀತು ಅಣ್ಣಾ" ಅಂದಿತು ಹಂಡ, ತಲೆ ತಗ್ಗಿಸಿಕೊಂಡು.

ಕೋಪ ಇಳಿಯಿತು. ಆಡಿದ ಮಾತು ಮೈಲಣ್ಣನಿಗೆ ಮರೆತೂ ಹೋಯಿತು. ಹಂಡನಿಗೆ ಮರೆಯಲಿಲ್ಲ.

ಆ ವರ್ಷ ಮಳೆಗಾಲಕ್ಕೆ ಮೊದಲು ಮೈಲಣ್ಣ ಮಗಳಿಗೆ ಒಂದು ಪುಟ್ಟ ಕಂಬಳಿ ನೇಯ್ದ. ಅವಳ ಮೊದಲನೇ ಕಂಬಳಿ. ಬೊಮ್ಮಕ್ಕ ಎಳೆಮರಿಯ ಉಣ್ಣೆ ಆರಿಸಿ ನೂಲು ತೆಗೆದುಕೊಟ್ಟಳು. ಮೈಲಣ್ಣ ಹುಣಸೆ ಬೀಜದ ಗಂಜಿ ಹಚ್ಚಿ ಬಿಸಿಲಲ್ಲಿ ಕಟ್ಟಿದ, ಗರಿಗರಿಯಾಯಿತು. ಹೊದ್ದುಕೊಂಡು ಸಿರಿಯಮ್ಮ ಹಟ್ಟಿಯ ಮನೆಮನೆಗೂ ಹೋಗಿ ತೋರಿಸಿ ಬಂದಳು.

"ಹಂಡನಿಗೆ ತೋರಿಸ್ತೀನಿ" ಅಂದಳು.

"ತೋರಿಸು ಹೋಗು" ಅಂದ ಮೈಲಣ್ಣ. ಅಷ್ಟೇ ಅಂದ. ಹಂಡನಿಗೆ ಹೀಗೆ ಹೇಳಿದ್ದೆ, ಮುಖ ತೆಗೆದು ಹೋಗು, ಕೂಗಿ ಹೋಗು, ಅಂತ ಒಂದು ಮಾತು ಹೇಳಲಿಲ್ಲ. ಅಯ್ಯೋ, ಅದೊಂದು ಮಾತು ಅವನ ನಾಲಿಗೆಗೆ ಬಂದಿದ್ದರೆ!

ಜಿಟಿಜಿಟಿ ಮಳೆ. ಸಿರಿಯಮ್ಮ ಕೊಪ್ಪೆಯನ್ನು ಮೂಗಿನ ತನಕ ಎಳೆದುಕೊಂಡು ರೊಪ್ಪದ ಕಡೆ ಬಂದಳು. ಹಂಡ ಎದ್ದು ನಿಂತಿತು.

"ಯಾರು? ನಮ್ಮವರಾ, ಹೊರಗಿನವರಾ?"

ಸಿರಿಯಮ್ಮನಿಗೆ ಒಳಗೊಳಗೇ ನಗು. ಗುರುತು ಸಿಗಲಿಲ್ಲ ನೋಡು ಇದಕ್ಕೆ ಅಂತ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಮಾತಾಡಲಿಲ್ಲ.

"ಯಾರು?" ಅಂತ ಹಂಡ ಇನ್ನೊಂದು ಸಲ ಕೇಳಿತು. ಗಂಟಲಲ್ಲಿ ಗುರ್ ಅಂದಿತು.

ಗಾಳಿ ಓಡಿ ಬಂತು. "ಹಂಡಾ, ಇದು ಸಿರಿ ಕಣೋ! ವಾಸನೆ ನೋಡೋ!" ಅಂದಿತು. ಒಣಗಿದ ಮೂಗಿನಲ್ಲಿ ವಾಸನೆ ಎಲ್ಲಿ ನಿಲ್ಲಬೇಕು? ಹಂಡ ಗಾಳಿಯ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಹಂಡ ಗುರುಗುಟ್ಟಿದ್ದು ಕೇಳಿ ಸಿರಿಯಮ್ಮನಿಗೆ ಭಯವಾಯಿತು. ಆ ಧ್ವನಿಯನ್ನು ಅವಳು ಯಾವತ್ತೂ ತನ್ನ ಮೇಲೆ ಕೇಳಿದವಳಲ್ಲ. ಭಯವಾದ ಮಗು ಏನು ಮಾಡುತ್ತೆ? ನೀನು ಇವತ್ತು ಮಾಡಿದ್ದೇ. ತಿರುಗಿ ಓಡಿದಳು. ಓಡುವವರನ್ನು ಕಂಡರೆ ನಾಯಿಯ ಕಾಲು ತಲೆಯನ್ನು ಕೇಳಿ ಓಡಲ್ಲ ಮಗಳೇ, ತಾನಾಗೇ ಓಡಿಬಿಡುತ್ತೆ.

ನಾಲ್ಕೇ ನೆಗೆತ. ಬಲಗೈ ಸಿಕ್ಕಿತು. "ಹಂಡಾ!" ಅಂತ ಅವಳು ಚೀರಿದಾಗ ಹಲ್ಲು ಆಗಲೇ ಇಳಿದಿತ್ತು.

ಆ ದನಿ ಕೇಳಿದ್ದೇ ತಡ ಹಂಡ ಬಾಯಿ ಬಿಟ್ಟಿತು. ಕೊಪ್ಪೆ ಜಾರಿತು. ಮುಖ ಕಂಡಿತು. ಬೇಡ, ಆಗ ಆ ನಾಯಿಗೆ ಹೇಗಾಯಿತು ಅಂತ ನನ್ನ ಕೈಲಿ ಹೇಳೋಕೆ ಆಗಲ್ಲ.

ಹಟ್ಟಿಯ ಜನವೆಲ್ಲ ಸೇರಿತು. ಬೊಮ್ಮಕ್ಕ ಮಗಳನ್ನು ಮಡಿಲಿಗೆ ಹಾಕಿಕೊಂಡು ಸೊಪ್ಪಿನ ರಸ ಹಿಂಡಿ ಬಟ್ಟೆ ಕಟ್ಟಿದಳು. "ಮನೆಯವರ ಮೇಲೇ ಬಾಯಿ ಹಾಕಿದ ನಾಯಿ. ಹೊಡೆದು ಹಾಕು ಮೈಲಣ್ಣ" ಅಂದರು ಎಲ್ಲರೂ. ನಿನ್ನೆ ಮೊನ್ನೆ ಅದೇ ಹಂಡನನ್ನು ಹುಲಿ ಅಂತ ಹೊಗಳಿದ ಜನ.

ಮೈಲಣ್ಣ ದೊಣ್ಣೆ ಎತ್ತಿದ. ನಾನು ಇವತ್ತು ಪಾಲಾಕ್ಷಣ್ಣನ ಗೇಟಿನ ಮೇಲಿಂದ ಚಪ್ಪಲಿ ಎಸೆದ ಹಾಗೆ. ಹೌದು, ಎಸೆದೆ. ಆ ನಾಯಿಯ ಬೆನ್ನಿಗೇ ಬಿತ್ತು. ತಪ್ಪು ಮಾಡಿದೆ, ಆಗಿಂದ ಮನಸ್ಸಿಗೆ ಒಂಥರಾ ಆಗ್ತಿದೆ.

ಹಂಡ ಓಡಿ ಹೋಗಲಿಲ್ಲ. ಅವನ ಕಾಲ ಹತ್ತಿರ ಬಂದು ತಲೆ ಇಟ್ಟು ಮಲಗಿತು.

"ಹೊಡಿ ಅಣ್ಣಾ. ಮುಖ ಕಾಣಲಿಲ್ಲ, ಮಾತು ಕೇಳಲಿಲ್ಲ. ನೀನು ಹೇಳಿದ ಹಾಗೆ ಮಾಡಿದೆ."

ಮೈಲಣ್ಣನಿಗೆ ಆಗ ನೆನಪಾಯಿತು. ದೊಣ್ಣೆ ಕೈಯಿಂದ ಬಿತ್ತು. "ನಾನೇ ಕಚ್ಚಿಸಿದೆನಲ್ಲೋ ಹಂಡಾ, ನನ್ನ ಮಗಳನ್ನ ನಾನೇ ಕಚ್ಚಿಸಿದೆನಲ್ಲೋ" ಅಂತ ನೆಲದ ಮೇಲೆ ಕೂತು ಹೆಂಗಸರ ಹಾಗೆ ಅತ್ತ. ಗಂಡಸರು ಅಳಬಾರದು ಅಂತ ಯಾರೂ ಅವನಿಗೆ ಹೇಳಲಿಲ್ಲ.

ಹಂಡ ಹೊಳೆಗೆ ಹೋಯಿತು. ನೀರಿಗೆ ಬಾಯಿ ಅದ್ದಿತು, ತೊಳೆಯಿತು, ಮತ್ತೆ ಅದ್ದಿತು.

"ತಾಯೀ, ಇದನ್ನ ತೊಳೆದುಬಿಡು."

"ರಕ್ತ ಆಗಲೇ ಹೋಯಿತಲ್ಲ ಹಂಡ."

"ಹೋಗಿಲ್ಲ. ಹಾಗಾದರೆ ನನ್ನನ್ನೇ ಎಳೆದುಕೊಂಡು ಹೋಗು."

ಹೊಳೆ ಒಂದು ಅಲೆಯಿಂದ ಹಂಡನನ್ನು ದಡಕ್ಕೆ ನೂಕಿತು. ಆಮೇಲೆ ಹೇಳಿತು: "ನೀನು ಮುಳುಗಿ ಸತ್ತರೆ ಸಿರಿಯ ಕೈ ಸರಿಹೋಗುತ್ತಾ? ನಾಳೆ ತೋಳ ಬಂದರೆ ಅವಳನ್ನ ಕಾಯೋರು ಯಾರು? ಒಮ್ಮೆ ಕಣ್ಣು ನಂಬಿ ಮೋಸಹೋದೆ. ಇವತ್ತು ಕಣ್ಣು ಕಿವಿ ಎರಡೂ ಕೈಕೊಟ್ಟವು. ಮೂಗಿತ್ತು, ಅದನ್ನ ನೀನು ಕೇಳಲೇ ಇಲ್ಲ. ಇಲ್ಲಿ ತಾ."

ಹೊಳೆ ಒಂದು ಹನಿ ತೆಗೆದು ಹಂಡನ ಮೂಗಿನ ತುದಿಗೆ ಇಟ್ಟಿತು.

"ಇನ್ಮೇಲೆ ಗಾಳಿ ತರೋ ವಾಸನೆ ಇಲ್ಲಿ ಅಂಟಿಕೊಳ್ಳುತ್ತೆ. ಆದರೆ ಒಣಗೋಕೆ ಬಿಡಬೇಡ. ಒಣಗಿತು ಅನ್ನಿಸಿದಾಗಲೆಲ್ಲ ನೆಕ್ಕಿ ಒದ್ದೆ ಮಾಡಿಕೋ. ನೆಕ್ಕಿದಾಗಲೆಲ್ಲ ಇವತ್ತಿನದು ನೆನಪಾಗುತ್ತೆ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ."

"ನೆನಪಾಗಲಿ" ಅಂದಿತು ಹಂಡ.

ಸಿರಿಯಮ್ಮನ ಗಾಯ ಮಾಯಿತು. ಆದರೆ ಬಲಗೈಯ ಎರಡು ಬೆರಳು ಮಡಚಲು ಬರಲಿಲ್ಲ. ಅವಳು ರೊಪ್ಪದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹಂಡ ಕೆಮ್ಮಿದರೂ ಅಮ್ಮನ ಸೆರಗು ಹಿಡಿಯುತ್ತಿದ್ದಳು. ಹಂಡ ತಾನಾಗೇ ದೂರ ಹೋಗಿ, ಬೇಲಿಯ ಆಚೆ ಮಲಗುತ್ತಿತ್ತು. ಕುರಿಗಳಿಗೆ ಎರಡು ಸಲ ಉಣ್ಣೆ ಕತ್ತರಿಸಿದ್ದಾಯಿತು. ಅಂದರೆ ಪೂರ್ತಿ ಒಂದು ವರ್ಷ.

ಮತ್ತೆ ಮಳೆ ಬಂತು. ಒಂದು ಬೆಳಗ್ಗೆ ಸಿರಿಯಮ್ಮ ಪೆಟ್ಟಿಗೆಯಿಂದ ಆ ಪುಟ್ಟ ಕಂಬಳಿ ತೆಗೆದಳು. ಕೊಪ್ಪೆ ಹಾಕಿಕೊಂಡಳು. ಯಾರಿಗೂ ಹೇಳದೆ ರೊಪ್ಪಕ್ಕೆ ನಡೆದಳು. ಯಾಕೆ ಹೋದಳು ಅಂತ ನನ್ನನ್ನ ಕೇಳಬೇಡ, ಹಂಡ ಇಲ್ಲದೆ ಅವಳಿಗೂ ಒಂದು ವರ್ಷ ಕಳೆದಿತ್ತಲ್ಲ.

ದೂರದಿಂದ ಮೈಲಣ್ಣ ನೋಡಿದ. "ಸಿರೀ! ಕೊಪ್ಪೆ ತೆಗಿಯೇ!" ಅಂತ ಕೂಗಿದ. ಮಳೆಯಲ್ಲಿ ಕೇಳಲಿಲ್ಲ.

ಹಂಡ ಎದ್ದಿತು. "ಯಾರು? ನಮ್ಮವರಾ, ಹೊರಗಿನವರಾ?"

ಸಿರಿಯಮ್ಮ ಮಾತಾಡಬೇಕು ಅಂದುಕೊಂಡಳು. ಭಯಕ್ಕೆ ಬಾಯಿ ಬರಲಿಲ್ಲ. ಆದರೆ ಓಡಲಿಲ್ಲ. ನಿಂತಲ್ಲೇ ನಿಂತು, ಆ ಬಲಗೈಯನ್ನೇ ಮುಂದೆ ಚಾಚಿದಳು.

ಗಾಳಿ ಮೆಲ್ಲಗೆ ಬೀಸಿತು. ಒದ್ದೆ ಮೂಗಿಗೆ ಒಂದೊಂದಾಗಿ ವಾಸನೆ ಬಂದು ತಗುಲಿತು. ಹುಣಸೆ ಬೀಜದ ಗಂಜಿ. ಕುರಿಹಾಲು. ಬೊಮ್ಮಕ್ಕ ತಲೆಗೆ ಹಚ್ಚಿದ ಎಣ್ಣೆ. ಅದರ ಕೆಳಗೆ ಹಳೇ ಗಾಯ.

ಹಂಡ ಮೊಳಕಾಲೂರಿ ಕೂತು, ತೆವಳಿಕೊಂಡೇ ಬಂದು, ಆ ಅಂಗೈಯೊಳಗೆ ಮೂಗು ಇಟ್ಟಿತು. ತಣ್ಣಗಿತ್ತು. ಸಿರಿಯಮ್ಮ ಕೈ ಎಳೆದುಕೊಳ್ಳಲಿಲ್ಲ.

ಆಮೇಲೆ ಎಲ್ಲ ಮೊದಲಿನ ಹಾಗಾಯಿತಾ ಅಂತೀಯ? ಇಲ್ಲ ಕೂಸೇ. ನಿನಗೆ ಸುಳ್ಳು ಹೇಳಲ್ಲ. ದಿನಾ ಬಂದು ಕೈ ಚಾಚುತ್ತಿದ್ದಳು, ಮುದ್ದೆಯ ತುಂಡು ಕೊಡುತ್ತಿದ್ದಳು. ಆದರೆ ಅದರ ಬೆನ್ನೇರಲಿಲ್ಲ, ಅದರ ಹೊಟ್ಟೆಯ ಮೇಲೆ ತಲೆ ಇಟ್ಟು ಮಲಗಲಿಲ್ಲ. ಹಂಡ ಒಂದು ದಿನವೂ ಯಾಕೆ ಅಂತ ಕೇಳಲಿಲ್ಲ. ಕೇಳುವುದನ್ನೇ ಬಿಟ್ಟಿತು. ಮಾತಲ್ಲಿ ಕೇಳಿ ಮೋಸಹೋಗಿದ್ದು ಸಾಕು ಅಂತ ಮಾತನ್ನೇ ಬಿಟ್ಟಿತು. ಅದರ ಮಕ್ಕಳೂ ಮಾತು ಕಲಿಯಲಿಲ್ಲ.

ನಾಳೆ ಪಾಲಾಕ್ಷಣ್ಣ ಮನೆಯಲ್ಲಿದ್ದಾಗ ಇಬ್ಬರೂ ಹೋಗೋಣ. ಅವನನ್ನು ಕೇಳಿಯೇ ಹೋಗೋಣ. ನೀನು ಓಡಬೇಡ, ಕಿರುಚಬೇಡ, ಅದು ತಾನಾಗಿ ಬರುವ ತನಕ ಕಾಯಿ. ನಾನೂ ಕೈ ಚಾಚ್ತೀನಿ, ಚಪ್ಪಲಿ ಎಸೆದ ಕೈಯನ್ನೇ. ಎಷ್ಟು ದೊಡ್ಡ ನಾಯಿಯಾದರೂ ಇವತ್ತಿಗೂ ಮೂಗು ಒಣಗಲು ಬಿಡದೆ ನೆಕ್ಕಿಕೊಳ್ಳುತ್ತೆ, ಆ ಒದ್ದೆ ಮೂಗನ್ನು ನಮ್ಮ ಅಂಗೈಗೆ ಇಟ್ಟು, ನಮ್ಮವರನ್ನೇ ಇನ್ನೊಂದು ಸಲ ಕಚ್ಚಿಬಿಟ್ಟೇನು ಅನ್ನೋ ಹೆದರಿಕೆಯಲ್ಲಿ, ಬಾಯಿಲ್ಲದೆ ಕೇಳುತ್ತೆ: ಯಾರು, ನಮ್ಮವರಾ?